ಕಾದಾಡಿದ ಕೈ

ಶಿಗ್ಗಾಂವದ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸಲು ಸೇರಿದ್ದು ಎಂಬತ್ತರ ದಶಕದ ನಡುವೆ. ಹೆದ್ದಾರಿಯ ಲಾರಿಗಳು ಹಾರ್ನ್ ಹೊಡೆದರೆ ನನ್ನ ಅರ್ಧ ಮಾತು ಅವುಗಳ ಪಾಲಾಗುತ್ತಿತ್ತು. ಗಂಟಲು ಹರಿದುಕೊಂಡು ಮಾತಾಡುವ ಚಟ ಆಗ ಅಂಟಿದ್ದು ಇನ್ನೂ ಬಿಟ್ಟಿಲ್ಲ. ಉಪ್ಪು ಕೇಳಿದರೂ ಜಗಳಕ್ಕೆ ನಿಂತಂತೆ ಕೇಳಿಸುತ್ತದೆ ಎಂದು ಮನೆಯವರ ದೂರು.

ಆ ದಿನ ಟಿ-ಕೋಶಗಳ ಪಾಠ. ಅವು ನಮ್ಮ ರಕ್ತದಲ್ಲಿ ಕಾವಲು ತಿರುಗುವ ಬಿಳಿ ಕಣಗಳು. ಎಲುಬಿನ ಮಜ್ಜೆಯಲ್ಲಿ ಹುಟ್ಟುತ್ತವೆ, ಎದೆಯೊಳಗಿನ ಥೈಮಸ್ ಎಂಬ ಗ್ರಂಥಿಗೆ ಹೋಗಿ ಪಳಗುತ್ತವೆ. ಸ್ವಂತ ಮೈಯನ್ನೇ ಕಚ್ಚಲು ಹೋಗುವಂಥವನ್ನು ಅಲ್ಲೇ ಮುಗಿಸಿ, ಉಳಿದವನ್ನು ಮಾತ್ರ ಹೊರಗೆ ಬಿಡಲಾಗುತ್ತದೆ. ಹಾಗೆ ಹೊರಬಿದ್ದ ಕೋಶ ಇನ್ನೂ ಎಳಸು, ರೋಗಾಣುವಿನ ಮುಖ ಕಂಡಿರುವುದಿಲ್ಲ. ಕಂಡ ಮೇಲೆ ಅದು ಏನಾಗಬೇಕೆಂಬುದು ತೀರ್ಮಾನವಾಗುತ್ತದೆ. ಕೆಲವು ಕೊಲ್ಲಲು ಇಳಿಯುತ್ತವೆ, ಕೆಲವು ಬೇರೆ ಕಣಗಳಿಗೆ ಕುಮ್ಮಕ್ಕು ಕೊಡುತ್ತವೆ, ಕೆಲವು ಜಗಳ ಸಾಕು ಎಂದು ತಡೆಯುತ್ತವೆ. ಕೆಲಸ ಮುಗಿದ ಮೇಲೆ ಬಹುಪಾಲು ಸತ್ತುಹೋಗುತ್ತವೆ. ಸ್ವಲ್ಪವೇ ಸ್ವಲ್ಪ ನೆನಪಿನ ಕೋಶಗಳಾಗಿ ವರ್ಷಗಟ್ಟಲೆ ಮೈಯಲ್ಲಿ ಉಳಿದುಬಿಡುತ್ತವೆ.

"ಬೆಳದ ಜ್ವಾಳಾ ಎಲ್ಲಾ ಉಂಡು ಮುಗಸ್ತೀರಿ. ಬೀಜಕ್ಕಂತ ಒಂದೀಟು ಬೂದಿ ಕಲಿಸಿ ಎತ್ತಿಡ್ತೀರಿಲ್ಲೋ? ಹಂಗ ಇದು," ಅಂದೆ. ಹುಡುಗರು ನಕ್ಕರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಮೇಡಂ, ರೋಗಾಣು ಒಂದ, ಮನೀನೂ ಒಂದ. ಆದ್ರೂ ಒಬ್ಬರಿಗೆ ಒಂದ್ ನಮೂನಿ, ಇನ್ನೊಬ್ಬರಿಗೆ ಇನ್ನೊಂದ್ ನಮೂನಿ ಜಡ್ಡು ಯಾಕ್ರಿ ಆಗ್ತೈತಿ?"

ಒಳ್ಳೆಯ ಪ್ರಶ್ನೆ. ಆದರೆ ನನ್ನ ಬಲಗೈ ತಾನಾಗಿ ಎಡತೋಳಿನ ಮೇಲೆ ಹೋಗಿ ಸೆರಗು ಎಳೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಥೇಟ್ ಹಾಗೆ. "ಅದು ಪರೀಕ್ಷಾಕ್ಕ ಬರೂದಿಲ್ಲ, ಕುಂದ್ರು," ಎಂದು ಗದರಿದೆ. ಆ ಹುಡುಗಿ ಕೂತಳು. ನನಗೆ ಉತ್ತರ ಗೊತ್ತಿಲ್ಲವೆಂದಲ್ಲ. ಆ ಉತ್ತರ ನಮ್ಮ ಮನೆಯಲ್ಲೇ ಇತ್ತು, ಒಂದೇ ಸೂರಿನಡಿ, ಎರಡು ಹೆಂಗಸರ ಮೈಯಲ್ಲಿ.

ನಮ್ಮದು ಸವಣೂರು ತಾಲೂಕಿನ ಹಳ್ಳಿ, ಹತ್ತಿಮತ್ತೂರಿಗೆ ಹತ್ತಿರ. ಹತ್ತಿ, ಜೋಳ, ಎರಡು ಎತ್ತು, ಒಂದು ಎಮ್ಮೆ. ಮನೆಯಲ್ಲಿ ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ತಾಯಿ. ಅವಳನ್ನು ನಾನು ಆಯಿ ಅನ್ನುತ್ತಿದ್ದೆ. ಆಯಿಯ ಮಾತೇ ಮನೆಯ ಮಾತು. ಹಣೆತುಂಬ ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕೂತಳೆಂದರೆ ಹಾದಿಯಲ್ಲಿ ಹೋಗುವವರು ನಿಂತು ಮಾತಾಡಿಸಿಯೇ ಹೋಗಬೇಕು. ಆ ವಯಸ್ಸಿನಲ್ಲೂ ಅವಳ ಮುಖದಲ್ಲಿ ಒಂದು ಸುಕ್ಕಿರಲಿಲ್ಲ, ಎಣ್ಣೆ ಸವರಿದ ಹಾಗೆ ಮಿರಿಮಿರಿ. ಕಿವಿಗಳು ದಪ್ಪ, ಹಾಲೆ ಜೋತು ಬಿದ್ದಿದ್ದವು. "ಏನ್ ಕಳೀನಽ ಯಕ್ಕಾ ನಿನ್ನ ಮುಖದಾಗ! ಕಿವಿ ನೋಡು, ಪುಣ್ಯವಂತರ ಕಿವಿ," ಎಂದು ಓಣಿಯ ಹೆಂಗಸರು ಹೊಗಳುತ್ತಿದ್ದರು. ಆಯಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಮೂಗು ಮಾತ್ರ ಸದಾ ಕಟ್ಟಿರುತ್ತಿತ್ತು. ನೆಗಡಿ ಅವಳ ಮೈಗುಣ ಎಂದು ನಾವು ತಿಳಿದಿದ್ದೆವು. ನಾನು ಹುಟ್ಟಿದಾಗಿನಿಂದ ಮಲಗುತ್ತಿದ್ದುದು ಅವಳ ಕೌದಿಯೊಳಗೆ.

ಅವ್ವ ಆಡೂರಿನ ಕಡೆಯವಳು. ಓಣಿಯಲ್ಲಿ ಅವಳಿಗೊಂದು ಹೆಸರಿತ್ತು: ಹಂಚಿನ ಮೇಲಿನ ರೊಟ್ಟಿಯನ್ನು ಬಟ್ಟೆ ಬೇಡ, ಸೌಟು ಬೇಡ, ಬರಿಗೈಯಲ್ಲಿ ತಿರುವಿ ಹಾಕುತ್ತಾಳೆ, ಕೆಂಡವನ್ನೂ ಸರಿಸುತ್ತಾಳೆ ಎಂದು. ಯಾರ ಮನೆಯಲ್ಲಿ ಮದುವೆಯಾದರೂ ರೊಟ್ಟಿ ಬಡಿಯಲು ಅವ್ವನಿಗೇ ಕರೆ. "ಆಕಿ ಕೈ ಅಲ್ಲವಾ ಅದು, ಕಬ್ಬಿಣ," ಅನ್ನುತ್ತಿದ್ದರು. ನಾನೂ ಜಂಬಪಡುತ್ತಿದ್ದೆ. ಅಯ್ಯೋ ಶಿವನೇ, ಎಂಥ ಜಂಬ!

ಎಪ್ಪತ್ತರ ದಶಕದ ಆರಂಭದಲ್ಲಿ, ನಾನು ಐದನೆಯ ಇಯತ್ತೆಯಲ್ಲಿದ್ದಾಗ, ಶಾಲೆಗೆ ಸೈಕಲ್ ಮೇಲೆ ಒಬ್ಬರು ಬಂದರು. ಮಕ್ಕಳ ಚರ್ಮ ನೋಡುವ ಸರಕಾರಿ ಕೆಲಸ ಅವರದು. ಚೀಲದಲ್ಲಿ ಗುಳಿಗೆಯ ಡಬ್ಬಿ ಇರುತ್ತಿದ್ದುದರಿಂದ ಊರವರು ಅವರನ್ನು ಗುಳಿಗಿ ಸಾಹೇಬ್ರು ಅನ್ನುತ್ತಿದ್ದರು. ಹುಡುಗರದು ಅಂಗಳದ ಬಿಸಿಲಲ್ಲಿ ಆಯಿತು. ನಮಗೆ ಪಡಸಾಲೆಯ ಮೂಲೆಯಲ್ಲಿ ಬಾಯಾರು, ಅಂದರೆ ನಮ್ಮ ಶಿಕ್ಷಕಿ, ಒಂದು ಚಾದರ ಅಡ್ಡ ಹಿಡಿದು ನಿಂತಿದ್ದರು. ನನ್ನ ಎಡತೋಳಿನಲ್ಲಿ ರೂಪಾಯಿ ಅಗಲದ ಮಸುಕು ಕಲೆ ಇತ್ತು. ಅವರು ಕೋಳಿಪುಕ್ಕ ತೆಗೆದರು.

"ಕಣ್ಣು ಮುಚ್ಚವಾ. ನಾ ಎಲ್ಲಿ ಮುಟ್ಟತೇನಿ ಅಲ್ಲಿ ಬಟ್ಟಿಡು."

ನಾನು ಕಣ್ಣು ಮುಚ್ಚಿ ಕಾದೆ. ಮುಟ್ಟಲೇ ಇಲ್ಲ. ಹಿಂದೆ ನಿಂತ ಹುಡುಗಿಯರು ಕಿಸಕ್ಕೆಂದರು. "ಮುಟ್ರೆಲಾ ಲಗೂನ," ಅಂದೆ ಬೇಸರದಿಂದ.

"ಮುಟ್ಟೇನಿ ಯವ್ವಾ," ಅಂದರು ಅವರು ಮೆಲ್ಲಗೆ. ಕಣ್ಣು ತೆರೆದರೆ ಪುಕ್ಕದ ತುದಿ ಕಲೆಯ ಮೇಲೆಯೇ ಆಡುತ್ತಿತ್ತು.

ಆ ನಾಚಿಕೆಯನ್ನು ಹೇಗೆ ಹೇಳಲಿ? ನನ್ನದೇ ತೋಳು, ನನಗೇ ಗೊತ್ತಿಲ್ಲ, ಇಡೀ ಶಾಲೆಗೆ ಗೊತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಪಕ್ಕದ ಮಣೆ ಖಾಲಿಯಾಗಿತ್ತು.

ಸಾಹೇಬರು ಮನೆಗೂ ಬಂದರು. ಮನೆಯವರನ್ನೆಲ್ಲ ನೋಡಬೇಕೆಂದರು. ಅಪ್ಪನ ಮೈ ನೋಡಿ ಏನೂ ಇಲ್ಲವೆಂದರು. ಅವ್ವನ ಬಲಮುಂಗೈ ಮೇಲೆ ಅಂಗೈಯಗಲದ ಒಣಕಲು ಕಲೆ ಇತ್ತು. ಮೊಳಕೈಯ ಹಿಂದೆ ನರವೊಂದು ಹಗ್ಗದ ಹಾಗೆ ದಪ್ಪಗಾಗಿತ್ತು. ಕಿರುಬೆರಳ ಬದಿಗೆ ಸುಟ್ಟ ಗಾಯವಿತ್ತು, ಯಾವಾಗ ಸುಟ್ಟಿತೆಂದು ಕೇಳಿದರೆ ಅವ್ವನಿಗೆ ತಿಳಿಯಲಿಲ್ಲ. ಆಯಿ ಒಳಗಿನಿಂದಲೇ ಕೂಗಿದಳು: "ನಾ ಮುದಕಿ, ನನ್ನ ಮೈ ಏನ್ ನೋಡ್ತೀರಿ? ನಾಚಿಕಿ ಬಿಟ್ಟೀರೇನು?" ತಾಯಿಯ ವಯಸ್ಸಿನವಳನ್ನು ಒತ್ತಾಯ ಮಾಡುವುದು ಹೇಗೆಂದು ಅವರು ಬಿಟ್ಟರು.

ರೋಗದ ಹೆಸರನ್ನು ಅವರು ಅಪ್ಪನ ಕಿವಿಯಲ್ಲಿ ಹೇಳಿದರು. ಕುಷ್ಠ. ಆಯಿ ಅದನ್ನು ಗಟ್ಟಿಯಾಗಿ ಹೇಳಿದಳು. "ಮಹಾರೋಗ! ನಮ್ಮ ಮನೆತನದಾಗ ಏಳು ತೆಲಿಯಿಂದ ಇಲ್ಲ ಇದು. ಇದು ತೌರಮನಿ ಬಳುವಳಿ. ಆಡೂರಿಂದ ಹೊತಗೊಂಡು ಬಂದಾಳ, ನನ್ನ ಮೊಮ್ಮಗಳಿಗೂ ಹಚ್ಯಾಳ."

ಅವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಊರಿಗೆಲ್ಲ ರೊಟ್ಟಿ ಬಡಿದು ಹಾಕಿದವಳು ಅವಳು. ಉಂಡವರೆಲ್ಲ ಈಗ ತಮ್ಮ ಮೈ ತಡವಿಕೊಳ್ಳುತ್ತಾರೆ ಎಂಬುದೇ ಅವಳನ್ನು ಕೊಂದಿತು. "ನಾ ಏನ್ ಮಾಡಿಬಿಟ್ನೋ," ಎಂದು ಅದೊಂದನ್ನೇ ಅನ್ನುತ್ತಿದ್ದಳು.

ಆ ಸಂಜೆಯಿಂದ ಅವ್ವನ ಊಟ ಬೇರೆಯಾಯಿತು. ನಾವು ಹಿತ್ತಾಳೆಯ ಗಂಗಾಳದಲ್ಲಿ ಉಣ್ಣುವವರು. ಅವಳಿಗೆ ಒಂದು ಜರ್ಮನ್ ತಾಟು ಬಂತು, ಅಂದರೆ ಅಲ್ಯುಮಿನಿಯಂ, ಸಂತೆಯಲ್ಲಿ ಅಗ್ಗಕ್ಕೆ ಸಿಗುವಂಥದ್ದು. ಕೊಟ್ಟಿಗೆಯ ಹೊಸ್ತಿಲ ಬಳಿ ಕೂರಬೇಕು, ತಾನೇ ತೊಳೆದು ಬೋರಲು ಹಾಕಬೇಕು. ಒಲೆಯ ಮುಂದೆ ಆಯಿ ಕೂತಳು. ಮೂಗು ಸೀಟುತ್ತ ರೊಟ್ಟಿ ಬಡಿದು ನಮಗೆ ಹಾಕಿದಳು. ನನ್ನ ತೋಳಿನಲ್ಲೂ ಅದೇ ಕಲೆ ಇತ್ತಲ್ಲ, ನನಗೆ ಮಾತ್ರ ಯಾರೂ ಬೇರೆ ತಾಟು ತರಲಿಲ್ಲ. "ಹುಡುಗೂರ್ದು, ಹೋಗ್ತೈತಿ ಬಿಡು," ಅಂದಳು ಆಯಿ. ನಾನು ಅವಳ ವಂಶದ ಕುಡಿ, ಅವ್ವ ಹೊರಗಿನಿಂದ ಬಂದವಳು. ಗಂಗಾಳದಲ್ಲಿ ಉಣ್ಣುವಾಗ ನಾನು ಕೊಟ್ಟಿಗೆಯ ಕಡೆ ನೋಡುತ್ತಿರಲಿಲ್ಲ.

ಸವಣೂರಿನಲ್ಲೇ ಗುಳಿಗೆ ಕೊಡುತ್ತಾರೆ ಎಂದರೆ ಅಪ್ಪ ಬೇಡವೆಂದ. "ಸವಣೂರಾಗ ಹೆಜ್ಜಿಗೊಬ್ಬ ಬೀಗ ಅದಾನ. ಮರ್ಯಾದಿ ಮೂರಾಬಟ್ಟಿ ಆಗ್ತೈತಿ." ನಮ್ಮನ್ನು ಯಾರೂ ಅರಿಯದ ಹಿರೇಕೆರೂರಿಗೆ ಹೋಗುವುದೆಂದಾಯಿತು. ಬಸ್ಸು ಬದಲಿಸಿ, ಧೂಳು ಕುಡಿದು, ಅವ್ವ ದಾರಿಯುದ್ದಕ್ಕೂ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು. ಒಮ್ಮೆ ಎಲೆ ವ್ಯಾಪಾರದ ಮುದುಕನೊಬ್ಬ ಎದುರು ಕೂತು, "ಎಲ್ಲಿಗ್ರಿ ಸವಾರಿ?" ಅಂದ. "ಬೀಗರ ಮನೀಗ್ರಿ," ಅಂದ ಅಪ್ಪ. "ಹಿರೇಕೆರೂರಾಗ ಯಾರ ಪೈಕಿ?" ಮುದುಕ ಬಿಡುವವನಲ್ಲ. ಅಪ್ಪ ಇಲ್ಲದ ಬೀಗರನ್ನು ಹುಟ್ಟಿಸಿ, ಅವರಿಗೆ ಹೊಲ ಕೊಟ್ಟು, ಮಗಳ ಮದುವೆ ಮಾಡಿಸಿ ಬೆವತುಹೋದ. ಈಗ ನಗು ಬರುತ್ತದೆ. ಆಗ ನಾನು ಕಿಟಕಿಯ ಸರಳಿಗೆ ಹಣೆ ಹಚ್ಚಿ, ಬಸ್ಸು ಎಲ್ಲಾದರೂ ಪಲ್ಟಿಯಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಗುಳಿಗೆ ನುಂಗತೊಡಗಿ ಕೆಲವು ತಿಂಗಳಾಗಿತ್ತು. ನನ್ನ ಕಲೆ ಮಾಯುತ್ತ ಬಂತು. ಅವ್ವನದು ಹಾಗಾಗಲಿಲ್ಲ. ಒಂದು ವಾರ ಇದ್ದಕ್ಕಿದ್ದಂತೆ ಕಲೆ ಕೆಂಪೇರಿ ಊದಿಕೊಂಡಿತು. ಮೊಳಕೈಯ ನರ ಮುಟ್ಟಿದರೆ ಕಿರುಚುತ್ತಿದ್ದಳು. "ಕೈ ಉರೀತೈತಿ, ಒಳಗ ಯಾರೋ ಬೆಂಕಿ ಇಟ್ಟಾಂಗ," ಅನ್ನುತ್ತಿದ್ದಳು. ಏನೂ ತಿಳಿಯದ ಕೈ ಈಗ ನೋವಿನ ಮುದ್ದೆಯಾಗಿತ್ತು.

"ಮಲಗಿದ್ದ ಬ್ಯಾನೀನ ಗುಳಿಗಿ ಕೆದರಿ ಎಬ್ಬಿಸೇತಿ. ಸಾಕು ನಿಂದರಸ್ರಿ," ಅಂದಳು ಆಯಿ. ಲೋಳಸರದ ತಿರುಳು ತಂದು ಹಚ್ಚಿದಳು. ಅಪ್ಪ ಕೂಡಲೇ ಒಪ್ಪಿದ. ಅವನಿಗೆ ಬಸ್ಸಿನ ತಿರುಗಾಟ ತಪ್ಪಿತಲ್ಲ, ಸುಳ್ಳು ಹೇಳುವುದು ತಪ್ಪಿತಲ್ಲ. ನನಗೂ ಹಾಯೆನಿಸಿತು, ಸುಳ್ಳೇಕೆ? ಹಿರೇಕೆರೂರಿಗೆ ಹೋಗುವುದು ನಿಂತಿತು.

ಆಗ ಅವ್ವನ ಕೈಯೊಳಗೆ ಏನು ನಡೆದಿತ್ತೆಂದು ನನಗೆ ತಿಳಿದದ್ದು ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ. ಈ ರೋಗಾಣು ನರದೊಳಗೆ ಅಡಗಿ ಕೂರುವ ಜಾತಿಯದು. ಅವ್ವನ ಟಿ-ಕೋಶಗಳು ಅದನ್ನು ಗುರುತಿಸಿ ಹೊಡೆದಾಟಕ್ಕೆ ಇಳಿಯುವ ದಾರಿ ಹಿಡಿದಿದ್ದವು. ಗುಳಿಗೆ ರೋಗಾಣುಗಳನ್ನು ಕೊಂದು ಚೂರು ಮಾಡಿದಂತೆ, ಮಂಕು ಬಡಿದಿದ್ದ ಕೋಶಗಳೂ ಎಚ್ಚೆತ್ತು ಒಮ್ಮೆಲೇ ನುಗ್ಗಿದವು. ಮೊಳಕೈಯ ಎಲುಬಿನ ಸಂದಿಯಲ್ಲಿ ನರಕ್ಕೆ ಊದಲು ಜಾಗವಿಲ್ಲ, ಅದು ಉಸಿರುಗಟ್ಟಿತು. ರೋಗ ಹೆಚ್ಚಿದ್ದಲ್ಲ, ಮೈ ಗೆಲ್ಲತೊಡಗಿತ್ತು. ಆ ಹೊತ್ತಿನಲ್ಲಿ ಊತ ಇಳಿಸುವ ಔಷಧ ಸಿಕ್ಕರೆ ಕೈ ಉಳಿಯುತ್ತದೆ, ತಡವಾದರೆ ಇಲ್ಲ. ಪುಸ್ತಕದಲ್ಲಿ ಇದು ಅರ್ಧ ಪುಟವಿತ್ತು. ಓದುತ್ತ ಗ್ರಂಥಾಲಯದಲ್ಲೇ ಅತ್ತುಬಿಟ್ಟೆ. ಪಕ್ಕದವಳು ಕೇಳಿದಾಗ ಕಣ್ಣಿಗೆ ಧೂಳು ಬಿತ್ತೆಂದೆ.

ನಾವು ಬರಲಿಲ್ಲವೆಂದು ಹಿರೇಕೆರೂರಿನಿಂದ ಸುದ್ದಿ ತಿರುಗಿ ತಿರುಗಿ ಗುಳಿಗಿ ಸಾಹೇಬರಿಗೆ ಮುಟ್ಟಿತು. ಒಂದು ಸಂಜೆ ಅವರು ಸೈಕಲ್ ತುಳಿದುಕೊಂಡು ಬಂದರು. ಅಷ್ಟರಲ್ಲಿ ಅವ್ವನ ಕಿರುಬೆರಳು, ಉಂಗುರದ ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಅವರು ಆ ಕೈ ಹಿಡಿದು ನೋಡಿ ಅಪ್ಪನ ಮೇಲೆ ಹರಿಹಾಯ್ದರು. "ಏನ್ರಿ ಯಜಮಾನ್ರ, ಉರಿ ಎದ್ದ ದಿನಾನ ಬಂದಿದ್ರ ಈ ಬಟ್ಟು ಉಳೀತಿದ್ವು! ಎತ್ತಿನ ಕಾಲು ಉಳುಕಿದ್ರ ಹಿಂಗ ಸುಮ್ಮ ಕುಂದ್ರತಿದ್ರೇನು?"

ಮಗನಿಗೆ ಬೈದರೆ ಆಯಿ ಸುಮ್ಮನಿರುವವಳೇ? ದಡದಡ ಹೊರಗೆ ಬಂದಳು. "ನಿಮ್ಮ ಗುಳಿಗೀನ ಕೈ ತಿಂತು! ಮ್ಯಾಲ ನಮ್ಮನ್ನ ಬೈಯಾಕ ಬಂದೀರಿ!" ಇಳಿಬಿಸಿಲು ನೇರ ಅವಳ ಮುಖಕ್ಕೆ ಬೀಳುತ್ತಿತ್ತು. ಸಾಹೇಬರು ಅವಳ ಹಣೆ ನೋಡಿದರು, ಹುಬ್ಬು ನೋಡಿದರು, ಕಿವಿ ನೋಡಿದರು.

"ಯವ್ವಾ, ಒಂಚೂರು ಕುಂದರ್ರಿ," ಅಂದರು. ದನಿಯೇ ಬದಲಾಗಿತ್ತು.

"ನನಗೇನ್ ಧಾಡಿ ಆಗೇತಿ? ನನ್ನ ಮೈಮ್ಯಾಲ ಒಂದ್ ಕಲೀ ತೋರಸ್ರಿ ನೋಡೂಣು!"

ನಿಜ, ಒಂದೂ ಕಲೆ ಇರಲಿಲ್ಲ. ಆದರೂ ಅವರು ಬಿಡಲಿಲ್ಲ. ಅಪ್ಪ ಹೇಳಿ ಒಪ್ಪಿಸಿದ ಮೇಲೆ, ಕಿವಿಯ ಹಾಲೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಬ್ಲೇಡಿನಿಂದ ತುಸುವೇ ಗೀರಿ, ಒಸರಿದ್ದನ್ನು ಗಾಜಿನ ಪಟ್ಟಿಗೆ ಸವರಿಕೊಂಡು ಹೋದರು. ಮರುದಿನ ಅಪ್ಪ ಅವ್ವನನ್ನು ಹುಬ್ಬಳ್ಳಿಗೆ ಕರೆದೊಯ್ದ. ಅಲ್ಲಿ ಊತ ಇಳಿಯಿತು, ಉರಿ ಹೋಯಿತು. ಆದರೆ ಎರಡು ಬೆರಳು ನೆಟ್ಟಗಾಗಲಿಲ್ಲ, ಅಂಗೈಯ ಆ ಬದಿಗೆ ಮುಟ್ಟಿದ್ದು ತಿಳಿಯಲಿಲ್ಲ.

ಅವ್ವ ತಿರುಗಿ ಬಂದ ಮೇಲೆ ಸಾಹೇಬರೂ ಬಂದರು. ಅಪ್ಪನನ್ನು ಅಂಗಳದ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದರು. ಆದರೆ ನಮ್ಮ ಅಂಗಳವೆಂದರೆ ಪಿಸುಮಾತೂ ಅಡುಗೆಮನೆಗೆ ಕೇಳಿಸುವಷ್ಟು.

"ತಾಯಿಯವರ ಕಿವಿಯಾಗಿಂದು ನೋಡಿದ್ರ ರೋಗಾಣು ಪೂರಾ ತುಂಬೇತ್ರಿ. ಸೊಸೀದು ಯಾರಿಗೂ ಹತ್ತೂವಂಥಾದ್ದಲ್ಲ. ಆಕಿ ಮೈ ಹೊಡದಾಡತೈತಿ, ಅದಕ್ಕ ಕೈ ಹೋತು. ತಾಯಿಯವರ ಮೈ ಹೊಡದಾಡೂದಽ ಇಲ್ಲ. ಕೂಸಿಗೆ, ಸೊಸೀಗೆ ಎಲ್ಲಿಂದ ಬಂತು ಅನ್ನೂದು ನೀವಽ ತಿಳಕೋರಿ. ಗುಳಿಗಿ ಸುರು ಮಾಡಿದ್ರ ಇನ್ನ ಮುಂದ ಯಾರಿಗೂ ಹತ್ತೂದಿಲ್ಲ, ಅಂಜಬ್ಯಾಡ್ರಿ."

ಒಂದೇ ರೋಗಾಣು. ಆಯಿಯ ಮೈಯಲ್ಲಿ ಎಳಸು ಕೋಶಗಳು ಬೇರೆ ದಾರಿ ಹಿಡಿದಿದ್ದವು. ಕೆಲವು ಈ ರೋಗಾಣುವಿಗೆ ನಾಟದ ಅಸ್ತ್ರ ತಯಾರಿಸಲು ಕುಮ್ಮಕ್ಕು ಕೊಟ್ಟವು, ಕೆಲವು ಕಂಡೂ ಕಾಣದಂತೆ ಕೂತವು. ಜಗಳವಿಲ್ಲ, ಹಾಗಾಗಿ ಗಾಯವಿಲ್ಲ, ಕಲೆಯೂ ಇಲ್ಲ. ರೋಗಾಣು ಚರ್ಮದಡಿ ಸುಖವಾಗಿ ತುಂಬಿಕೊಂಡು ಸುಕ್ಕುಗಳನ್ನೆಲ್ಲ ಉಬ್ಬಿಸಿತ್ತು. ಊರು ಕಳೆ ಎಂದು ಹೊಗಳಿದ್ದು ಅದನ್ನೇ. ಕೋಶಗಳು ಯಾಕೆ ಒಬ್ಬರಲ್ಲಿ ಹೀಗೆ, ಇನ್ನೊಬ್ಬರಲ್ಲಿ ಹಾಗೆ ತಿರುಗುತ್ತವೆ ಎಂಬುದನ್ನು ಈಗಲೂ ಪೂರ್ತಿ ಹೇಳಬಲ್ಲವರಿಲ್ಲ. ನನ್ನ ಪಾಲಿಗೆ ಮಧ್ಯದ ದಾರಿ ಬಂತು: ಹದವಾಗಿ ಹೊಡೆದಾಡಿ, ಗೆದ್ದು, ನೆನಪಿನ ಕೋಶಗಳನ್ನು ಉಳಿಸಿಕೊಂಡಿತು ಮೈ. ಅವು ಇಂದಿಗೂ ನನ್ನೊಳಗೆ ಇರಬೇಕು. ಆಯಿಯ ಕೌದಿಯೊಳಗೆ ಏನು ಉಸಿರಾಡಿದೆನೆಂದು ಅವಕ್ಕೆ ಚೆನ್ನಾಗಿ ಗೊತ್ತು.

ಆಯಿ ಆ ದಿನ ಒಲೆಯ ಮುಂದಿನಿಂದ ಎದ್ದಳು. ಊಟದ ಹೊತ್ತಿಗೆ ನೋಡಿದರೆ, ಬೋರಲು ಹಾಕಿದ್ದ ಅವ್ವನ ಜರ್ಮನ್ ತಾಟನ್ನು ತಾನೇ ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತಿದ್ದಳು. ಮುಖದ ಮೇಲೆ ಸೆರಗು ಎಳೆದುಕೊಂಡಿದ್ದಳು. ಕಟ್ಟೆಯ ಮೇಲೆ ದರ್ಬಾರು ಮಾಡುತ್ತಿದ್ದ ಹೆಂಗಸು ಎಮ್ಮೆಯ ಪಕ್ಕ ಮುದುಡಿ ಕೂತದ್ದನ್ನು ನೋಡಲಾಗದೆ ಅಪ್ಪ ಎದ್ದು ಹೊರಗೆ ನಡೆದ. ಅವ್ವ ಕೊಟ್ಟಿಗೆಗೆ ಹೋದಳು. ನಾನು ಹಿಂದೆ ಹೋದೆ.

"ಕೊಡ್ರಿ ಇಲ್ಲೆ," ಎಂದು ಅವ್ವ ಎಡಗೈಯಿಂದ ತಾಟು ಕಿತ್ತುಕೊಂಡಳು. "ಇದರಾಗ ಉಂಡ್ರ ಗಂಟಲದಾಗ ತುತ್ತು ಇಳಿಯೂದಿಲ್ಲ. ನನಗ ಗೊತ್ತೈತಿ. ಏಳ್ರಿ, ಒಳಗ ಬರ್ರಿ."

"ಬೈಯವ್ವಾ," ಅಂದಳು ಆಯಿ ಸೆರಗಿನೊಳಗಿನಿಂದ. "ಒಂದ್ ಸಲ ಬಾಯಿಗೆ ಬಂದಾಂಗ ಬೈದುಬಿಡು. ಆಡೂರಿನವರ ಹೆಸರಿಗೆ ಮಸಿ ಬಳದೆ. ನಿನ್ನ ಕೈ ತಿಂದೆ."

"ಬೈಯಾಕ ನನಗ ಬರೂದಿಲ್ರಿ ಅತ್ತಿ. ಊಟ ಆರಾಕತ್ತೇತಿ, ಏಳ್ರಿ."

ಸುದ್ದಿ ಓಣಿಗೆ ಹೋಗದೆ ಇರುತ್ತದೆಯೇ? ಪಕ್ಕದ ಮನೆಯವಳು ಬಾವಿಯ ಹತ್ತಿರ ಅವ್ವನ ಮನಸ್ಸು ಹಿಡಿಯಲು, "ಅತ್ತಿಗೊಂದ್ ಕಾಲ, ಸೊಸಿಗೊಂದ್ ಕಾಲ ಅಂತಾರಲ್ಲ, ಸುಳ್ಳಲ್ಲ ನೋಡವಾ," ಅಂದಳು. "ನನ್ನ ಕಾಲ ಬರ್ತೈತೆಂತ ನಾ ಕಾಯಾಕತ್ತಿದ್ದಿಲ್ಲ," ಎಂದು ಅವ್ವ ಕೊಡ ಎತ್ತಿಕೊಂಡು ಬಂದಳು. ಎಡಗಡೆಯ ಸೊಂಟದ ಮೇಲೆ. ಬಲಗೈಗೆ ಕೊಡದ ಕಂಠ ಹಿಡಿಯಲು ಬರುತ್ತಿರಲಿಲ್ಲ.

ಮಡಚಿದ ಬೆರಳುಗಳು ಇನ್ನಷ್ಟು ಬಿಗಿಯದಿರಲು ದಿನವೂ ಎಣ್ಣೆ ತಿಕ್ಕಿ, ಕೈಯನ್ನು ತೊಡೆಯ ಮೇಲಿಟ್ಟು ಮೆಲ್ಲಗೆ ನೀವಿ ನೆಟ್ಟಗೆ ಮಾಡಬೇಕೆಂದು ಸಾಹೇಬರು ಹೇಳಿಕೊಟ್ಟಿದ್ದರು. ಆ ಕೆಲಸವನ್ನು ಆಯಿ ಯಾರಿಗೂ ಬಿಟ್ಟುಕೊಡಲಿಲ್ಲ. ತಾನು ಸಾಯುವವರೆಗೂ ಮಾಡಿದಳು. ಗುಳಿಗೆ ತೆಗೆದುಕೊಂಡ ಮೇಲೆ ಅವಳ ಮುಖ ಇಳಿದು ಸುಕ್ಕು ಬಿದ್ದಿತ್ತು, ಕಟ್ಟೆಗೆ ಹೋಗುವುದು ನಿಂತಿತ್ತು. ಅವಳ ಕೈ ಮಾತ್ರ ಮೆತ್ತಗೆ, ಚುರುಕಾಗಿ, ಎಲ್ಲ ತಿಳಿಯುವಂತೆ ಉಳಿದಿತ್ತು.

ನಾನು ಧಾರವಾಡದಿಂದ ರಜೆಗೆ ಬಂದಾಗ, ಆ ಅರ್ಧ ಪುಟ ಓದಿ ಬಂದ ಮೇಲೆ, ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅವರಿಬ್ಬರನ್ನು ನೋಡುತ್ತ ಕೂತಿದ್ದೆ. ಆಯಿ ಎಣ್ಣೆಯ ಬಟ್ಟಲನ್ನು ಒಲೆಯ ಬೂದಿಯ ಮೇಲೆ ಬೆಚ್ಚಗೆ ಮಾಡಿ ತಂದಳು. ಸುಡುತ್ತದೇನೋ ಎಂದು ಮೊದಲು ತನ್ನ ಮುಂಗೈಗೆ ಹನಿಸಿ ನೋಡಿಕೊಂಡಳು. ಆಮೇಲೆ ಅವ್ವನ ಕಿರುಬೆರಳನ್ನು ಬುಡದಿಂದ ತುದಿಯವರೆಗೆ ನೀವತೊಡಗಿದಳು.

"ಬೆಚ್ಚಗೈತೇನವಾ?"

ಆ ಬೆರಳಿಗೆ ಬೆಂಕಿಯೂ ತಿಳಿಯುತ್ತಿರಲಿಲ್ಲ. ಅವ್ವ ನನ್ನ ಕಡೆ ಒಮ್ಮೆ ನೋಡಿದಳು, ಸುಮ್ಮನಿರು ಎಂಬಂತೆ.

"ಹೂನ್ರಿ ಅತ್ತಿ," ಅಂದಳು. "ಬೆಚ್ಚಗೈತಿ."